ಗಟ್ಟಿಮೇಳವಿಲ್ಲದ ಮದುವೆಗೆ ಯಾವ ಹಾಡು?

ರಿಜಿಸ್ಟರ್ ಮದುವೆಗೂ ಈಗ ಸಂಗೀತದವರನ್ನು ಕರೆಸುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮುಗಿಸಿ, ಚಿಕ್ಕದೊಂದು ಸಭಾಂಗಣದಲ್ಲಿ ನಂಟರಿಷ್ಟರನ್ನು ಸೇರಿಸಿ, ಮಂತ್ರ ಮಾಂಗಲ್ಯ ಓದಿಯೋ, ತಾವೇ ಬರೆದುಕೊಂಡ ನಾಲ್ಕು ಮಾತು ಹೇಳಿಯೋ ಹಾರ ಬದಲಾಯಿಸಿಕೊಳ್ಳುವ ಕ್ರಮ ಅದು. 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಕುವೆಂಪು ಹಾಕಿಕೊಟ್ಟ ದಾರಿ. ಪುರೋಹಿತರನ್ನು ಬಿಟ್ಟಾಯಿತು, ಅವರ ಜೊತೆಗೇ ಓಲಗವನ್ನೂ ಬಿಟ್ಟಾಯಿತು. ತೆರವಾದ ಜಾಗಕ್ಕೆ ಕೀಬೋರ್ಡ್, ತಬಲಾ, ರಿದಂ ಪ್ಯಾಡ್ ಸಮೇತ ಸುಗಮ ಸಂಗೀತದ ತಂಡ ಬಂದು ಕೂತಿದೆ. ಉದ್ದೇಶ ಒಳ್ಳೆಯದೇ. ಆದರೆ ಆಯ್ಕೆ ಮಾಡುವ ರೀತಿ ನನಗೆ ಒಪ್ಪಿಗೆಯಾಗಿಲ್ಲ.

ಓಲಗಕ್ಕೆ ಮದುವೆಮನೆಯಲ್ಲಿ ಒಂದು ಕೆಲಸವಿತ್ತು. ಮುಹೂರ್ತದ ಹೊತ್ತಿಗೆ ಯಾರೋ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರೆ. ನಾಗಸ್ವರದವರು ನುಡಿಸುತ್ತಿದ್ದ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು ಮೇಲಿನ ಸ್ಥಾಯಿಗೆ ಹಾರುತ್ತಾರೆ, ಡೋಲಿನವರು ಕೈ ಬಿಗಿದು ಬಾರಿಸುತ್ತಾರೆ. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಜಗಳದ ಮಾತು ಯಾವುದೂ ಕಿವಿಗೆ ಬೀಳಬಾರದು ಎಂಬುದು ಅದರ ಹಿಂದಿನ ನಂಬಿಕೆ. ಅಂದರೆ ಮದುವೆಯ ಅತಿ ಮುಖ್ಯ ಕ್ಷಣದಲ್ಲಿ ಬೇರೆಲ್ಲ ಸದ್ದನ್ನೂ ಮುಚ್ಚಿಹಾಕುವುದೇ ಆ ಸಂಗೀತದ ಹೊಣೆ.

ಸಿವಿಲ್ ಮದುವೆಯಲ್ಲಿ ಇದು ಪೂರ್ತಿ ತಿರುವುಮುರುವು. 1954ರ ವಿಶೇಷ ವಿವಾಹ ಕಾಯ್ದೆ ಯಾವ ವಿಧಾನದಲ್ಲಾದರೂ ಮದುವೆಯಾಗಿ ಎನ್ನುತ್ತದೆ. ಅದು ಹಾಕುವ ಷರತ್ತು ಇಷ್ಟೇ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ವಧೂವರರಿಗೆ ತಿಳಿಯುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಸ್ವೀಕರಿಸಿದ ಮಾತನ್ನು ಇಬ್ಬರೂ ಆಡಬೇಕು. ಆ ಮಾತು ಕೇಳಿಸಬೇಕು. ಕೇಳಿಸದಿದ್ದರೆ ಸಾಕ್ಷಿಗಳು ಯಾತಕ್ಕೆ? ಮಂತ್ರ ಮಾಂಗಲ್ಯದಲ್ಲೂ ಪ್ರತಿಜ್ಞೆಯೇ ಜೀವಾಳ. ಆದರೆ ಮೈಸೂರಿನ ಒಂದು ಮದುವೆಯಲ್ಲಿ ಹುಡುಗಿ ಕಾಗದ ಹಿಡಿದು ಪ್ರತಿಜ್ಞೆ ಓದಲು ಶುರುಮಾಡಿದ್ದೇ ತಡ, ಕೀಬೋರ್ಡಿನವರು ಸಿನಿಮಾದ ಹಿನ್ನೆಲೆ ಸಂಗೀತದ ಹಾಗೆ ಪಿಟೀಲಿನ ದನಿಯೊಂದನ್ನು ಎಳೆಯತೊಡಗಿದರು. ಸೌಂಡ್ ಸಿಸ್ಟಂನವರು ಉತ್ಸಾಹದಿಂದ ಅದನ್ನು ಇನ್ನಷ್ಟು ಏರಿಸಿದರು. ಮೂರನೆಯ ಸಾಲಿನಲ್ಲಿದ್ದ ನಮಗೆ ಅವಳ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಗಟ್ಟಿಮೇಳವನ್ನು ಬಾಗಿಲಿಂದ ಕಳಿಸಿ ಕಿಟಕಿಯಿಂದ ಒಳಗೆ ಕರೆದುಕೊಂಡರು, ಅಷ್ಟೆ.

ಇನ್ನು ಹಾಡುಗಳ ಮಾತು. ‘ಅಶ್ವತ್ಥ್, ಅನಂತಸ್ವಾಮಿ ಅವರದ್ದು ಒಂದೈದಾರು ಹಾಡಿ’ ಎಂದು ಹೇಳಿ ಮನೆಯವರು ಕೈತೊಳೆದುಕೊಳ್ಳುತ್ತಾರೆ. ತಂಡದವರು ಜನ ಕೇಳುವುದನ್ನು ಹಾಡುತ್ತಾರೆ. ಹೀಗಾಗಿ ಅಡಿಗರ ‘ಮೋಹನ ಮುರಳಿ’ ಮದುವೆ ಮಂಟಪಕ್ಕೆ ಬಂದಿದೆ. ‘ಅಮೆರಿಕಾ ಅಮೆರಿಕಾ’ ಚಿತ್ರದಿಂದ ಅದು ಮನೆಮನೆಗೂ ತಲುಪಿತು. ಮನೋಮೂರ್ತಿಯವರ ರಾಗಸಂಯೋಜನೆ ಇಂಪಾಗಿದೆ, ನಿಜ. ಆದರೆ ಅದು ಯಾರ ಪದ್ಯ? ಕೈಯಲ್ಲಿರುವ ಸುಖವೆಲ್ಲ ಸಾಲದಾಗಿ, ಎಲ್ಲಿಂದಲೋ ಬಂದ ಕರೆಗೆ ಓಗೊಟ್ಟು ಎದ್ದು ಹೊರಡುವವನ ಪದ್ಯ! ಮದುಮಗನ ಎದುರಿಗೇ ಅದನ್ನು ಹಾಡುವಾಗ ಅತ್ತೆಯಾಗುವವರು ತಲೆದೂಗುತ್ತಿರುತ್ತಾರೆ. ಇದು ನಮ್ಮವರೊಬ್ಬರ ಚಾಳಿಯೂ ಅಲ್ಲ. ಇಂಗ್ಲೆಂಡಿನ ಸಿವಿಲ್ ಮದುವೆಯಲ್ಲಿ ಚರ್ಚಿನ ಸ್ತೋತ್ರಗೀತೆ ಹಾಡುವಂತಿಲ್ಲ. ವಾಗ್ನರ್‌ನ ಒಪೆರಾ ‘ಲೋಹೆಂಗ್ರಿನ್’ನ ವಧೂಗೀತೆಗೆ ಮಾತ್ರ ಅಡ್ಡಿಯಿಲ್ಲ. 1850ರಲ್ಲಿ ರಂಗಕ್ಕೆ ಬಂದ ಆ ಕಥೆಯಲ್ಲಿ ಮದುವೆ ಅದೇ ರಾತ್ರಿ ಮುರಿದುಬೀಳುತ್ತದೆ.

ಭಾವಗೀತೆಯೇ ಬೇಕಾದರೆ 1942ರ ‘ಮೈಸೂರು ಮಲ್ಲಿಗೆ’ ಕೈಗೆಟುಕುವಲ್ಲೇ ಇದೆ. ಗಂಡ ಹೆಂಡಿರ ಸರಸ, ತವರಿಗೆ ಹೋದವಳ ನೆನಪು, ಮಾವನ ಮನೆಯ ಉಪಚಾರ: ಅದರ ಪ್ರಪಂಚವೇ ಹೊಸ ಸಂಸಾರ. ದೇವರ ನಾಮವನ್ನು ಬೇಡವೆನ್ನುವ ಜೋಡಿಗೂ ಮುಜುಗರವಾಗದು. ಮಲೆನಾಡಿನ ಹಸೆ ಹಾಡು, ಬಯಲುಸೀಮೆಯ ಸೋಬಾನೆ ಪದಗಳನ್ನೂ ಕೆಲವರು ವೇದಿಕೆಗೆ ತರುತ್ತಾರೆ. ನನಗೆ ಅವು ಇಷ್ಟ. ಆದರೆ ಅರಿಸಿನ ಹಚ್ಚುವಾಗ ಅರಿಸಿನದ ಹಾಡು, ಧಾರೆಗೆ ಧಾರೆಯ ಹಾಡು ಎಂದು ಕೆಲಸಕ್ಕೆ ಅಂಟಿಕೊಂಡ ಹಾಡುಗಳು ಅವು. ಅರಿಸಿನವೂ ಇಲ್ಲ, ಧಾರೆಯೂ ಇಲ್ಲ ಎಂದ ಮೇಲೆ ಮೈಕಿನ ಮುಂದೆ ಪ್ರದರ್ಶನವಾಗಿ ಉಳಿಯುತ್ತವೆ.

ಸಿವಿಲ್ ಮದುವೆಯಲ್ಲಿ ಸಂಗೀತಕ್ಕೆ ನಿಜವಾದ ಅವಕಾಶವಿರುವುದು ಸಹಿ ಹಾಕುವಾಗ. ವರ, ವಧು, ಮೂವರು ಸಾಕ್ಷಿಗಳು ಒಬ್ಬೊಬ್ಬರಾಗಿ ಪುಸ್ತಕದ ಮೇಲೆ ಬಗ್ಗುತ್ತಾರೆ. ಅಜ್ಜನೊಬ್ಬ ಕನ್ನಡಕ ಹುಡುಕುತ್ತಾನೆ. ಸಭಾಂಗಣದಲ್ಲಿ ಸಹಿ ಹಾಕುವುದಿಲ್ಲವಾದರೆ ಹಾರ ಬದಲಾಯಿಸಿದ ನಂತರದ ಗಡಿಬಿಡಿಯ ಹೊತ್ತು ಇದ್ದೇ ಇದೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಹೇಳಲಾರರು. ಮೂರು ಚರಣದ ಹಾಡು ಇಲ್ಲಿ ಒಗ್ಗುವುದಿಲ್ಲ, ನಡುವೆ ನಿಲ್ಲಿಸಿದರೆ ಅಪಚಾರವೆನಿಸುತ್ತದೆ. ರಾಗದ ಆಲಾಪನೆಯನ್ನಾದರೆ ಬೇಕಾದಷ್ಟು ಬೆಳೆಸಬಹುದು, ಬೇಡವೆಂದಾಗ ಷಡ್ಜಕ್ಕೆ ಬಂದು ಮುಗಿಸಬಹುದು. ಒಂದು ಕೊಳಲು ಅಥವಾ ಪಿಟೀಲು, ಮೋಹನವೋ ಕಲ್ಯಾಣಿಯೋ, ಸಣ್ಣ ಸಭಾಂಗಣವಾದರೆ ಮೈಕೂ ಬೇಡ.

ವಾದ್ಯಕ್ಕಿಂತ ನುಡಿಸುವವರ ಕಣ್ಣು ಮುಖ್ಯ. ಓಲಗದವರು ನುಡಿಸುತ್ತಲೇ ಪುರೋಹಿತರ ಕೈಯನ್ನು ನೋಡುತ್ತಿರುತ್ತಾರೆ. ಯಾವಾಗ ನಿಲ್ಲಿಸಬೇಕೆಂಬುದು ಅವರಿಗೆ ರಕ್ತಗತ. ಸುಗಮ ಸಂಗೀತದವರು ನೋಡುವುದು ಹಾಡಿನ ಡೈರಿಯನ್ನು. ಹಾಗಾಗಿ ಮಂಗಳೂರು ಕಡೆಯವರು ಹೊಸದಾಗಿ ತಂಡ ಹುಡುಕುವ ಮೊದಲು ತಮ್ಮೂರ ಮದುವೆಗಳ ಸ್ಯಾಕ್ಸೊಫೋನ್‌ನವರನ್ನೇ ಕೇಳುವುದು ವಾಸಿ. ಕದ್ರಿ ಗೋಪಾಲನಾಥರಿಂದ ಕರ್ನಾಟಕ ಸಂಗೀತಕ್ಕೆ ಒಗ್ಗಿದ ವಾದ್ಯ ಅದು. ನಾಗಸ್ವರಕ್ಕಿಂತ ಸಲೀಸಾಗಿ ದನಿ ತಗ್ಗಿಸುತ್ತದೆ. ಪ್ರತಿಜ್ಞೆ ಮುಗಿಯುವವರೆಗೆ ವಾದ್ಯ ಕೆಳಗಿಟ್ಟಿರಿ ಎಂದು ಮುಂಗಡ ಕೊಡುವಾಗಲೇ ಹೇಳಿಬಿಡಬೇಕು.