ಗೊರಸಿನ ಮೂಲ ಗೋದಲಿಯಲ್ಲಿ

ಹಸುವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಕೆಚ್ಚಲಿನಿಂದ ತೊಡಗಿ ಕೊಂಬಿನಲ್ಲಿ ಮುಗಿಸುವರು; ಗೊರಸಿನವರೆಗೆ ಬಗ್ಗುವ ತಾಳ್ಮೆಯುಳ್ಳವರು ವಿರಳ. ಶಕವರ್ಷ 982ರ ಶಿಲಾಹಾರ ಶಾಸನವನ್ನು ಹೊತ್ತ ಶಿವಾಲಯವಿರುವ ನಮ್ಮ ಅಂಬರನಾಥದಲ್ಲಾಗಲಿ, ನೆರೆಯ ಕಲ್ಯಾಣ ಡೊಂಬಿವಲಿಗಳಲ್ಲಾಗಲಿ, ಒಂದಿಷ್ಟು ಹಸಿಹುಲ್ಲಿನ ಕಂತೆಗಳನ್ನೂ ಬುಟ್ಟಿಯ ತುಂಬ ಹಿಟ್ಟಿನ ಉಂಡೆಗಳನ್ನೂ ಇರಿಸಿಕೊಂಡು, ದಾರಿಯ ಬದಿಯಲ್ಲಿ ಹಸುವೊಂದನ್ನು ಕಟ್ಟಿ ಕುಳಿತ ಹೆಂಗಸರನ್ನು ಕಂಡಾಗಲೆಲ್ಲ ನನ್ನ ದೃಷ್ಟಿ ಮಾತ್ರ ಕೆಳಕ್ಕೇ ಇಳಿಯುವುದು. ಭಕ್ತರು ಹಣವಿತ್ತು ಉಂಡೆ ತಿನ್ನಿಸಿ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿರುವಾಗ, ಆ ಪ್ರಾಣಿಯು ಮುಂಗಾಲುಗಳನ್ನು ಕತ್ತರಿಯಾಗಿ ಹೆಣೆದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕಾಂಕ್ರೀಟಿನ ಮೇಲೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುತ್ತ ನಿಂತಿದ್ದರೆ, ಅದರ ವ್ಯಾಧಿಯ ಬೇರು ಪಾದದಲ್ಲಲ್ಲ, ಬಹುಮಟ್ಟಿಗೆ ಆ ಬುಟ್ಟಿಯಲ್ಲಿದೆಯೆಂದು ತಿಳಿಯಬೇಕು.

ಕಾರಣ ಸರಳವಾದುದು. ಹಸುವಿನ ಮೊದಲನೆಯ ಹೊಟ್ಟೆ ನಾರನ್ನು ಪಚನಮಾಡುವ ಸೂಕ್ಷ್ಮಜೀವಿಗಳ ಆವಾಸ. ಒಣಮೇವನ್ನು ಮೆಲುಕುಹಾಕುವಾಗ ದಿನಕ್ಕೆ ನೂರು ಲೀಟರಿಗೂ ಮಿಗಿಲಾಗಿ ಸ್ರವಿಸುವ ಜೊಲ್ಲು ತನ್ನ ಕ್ಷಾರಗುಣದಿಂದ ಅಲ್ಲಿಯ ಹುಳಿಯನ್ನು ಶಮನಗೊಳಿಸುತ್ತಿರುವುದು. ಬೆಲ್ಲ, ಹಿಟ್ಟು, ಚಪಾತಿ, ನಮ್ಮವರ ಹೋಟೆಲುಗಳಲ್ಲಿ ಮಿಕ್ಕ ಅನ್ನ ಇವಾವುವೂ ಮೆಲುಕನ್ನು ಬೇಡುವುದಿಲ್ಲ. ಬೇಗನೆ ಹುದುಗಿ ಆಮ್ಲವಾಗುತ್ತವೆ. ಒಮ್ಮೆಗೇ ಅತಿಯಾಗಿ ತಿಂದರೆ ಹಸು ಒಂದೆರಡು ದಿನಗಳಲ್ಲಿ ಸತ್ತೇಹೋಗಬಹುದು. ದಿನವೂ ಸ್ವಲ್ಪಸ್ವಲ್ಪವೇ ಮಿತಿಮೀರಿದರೆ, ಹೊಟ್ಟೆಯಲ್ಲಿ ಹುಟ್ಟಿದ ವಿಷಾಂಶಗಳು ರಕ್ತಕ್ಕಿಳಿದು ಗೊರಸಿನೊಳಗಣ ಮೃದುಪದರದ ನಾಳಗಳನ್ನು ಕೆಡಿಸುವುವೆಂಬುದು ಪಶುವೈದ್ಯರ ಪ್ರಚಲಿತ ವಿವರಣೆ.

ಆದರೆ ಈ ಕೇಡು ಆ ಕ್ಷಣವೇ ಕಾಣುವುದಿಲ್ಲ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್. ಒಳಗೆ ಒಸರಿದ ರಕ್ತ ಅಂಗಾಲಿನ ಹೊರಮೈಗೆ ಬರಲು ಎರಡು ಮೂರು ತಿಂಗಳು ಬೇಕು. ಪಿತೃಪಕ್ಷದ ಗೋಗ್ರಾಸಕ್ಕೆಂದು ಮನೆಮನೆಯವರೂ ತಿನ್ನಿಸಿದ ಪಾಯಸದ ಲೆಕ್ಕವನ್ನು ಮಾರ್ಗಶಿರದಲ್ಲಿ, ಪಾದವನ್ನೆತ್ತಿ ಮೇಲುಪದರವನ್ನು ಚೂರಿಯಿಂದ ತೆಳುವಾಗಿ ಹೆರೆದಾಗ ಕಾಣುವ ಕೆಂಬಣ್ಣದ ಕಲೆಗಳಲ್ಲಿ ಓದಿಕೊಳ್ಳಬೇಕಾಗುವುದು. ಅಷ್ಟರಲ್ಲಿ ಯಜಮಾನನಿಗೆ ಪಾಯಸ ಮರೆತಿರುವುದರಿಂದ ಅವನು ಕಲ್ಲನ್ನೋ ಕೆಟ್ಟ ದೃಷ್ಟಿಯನ್ನೋ ದೂರುವನು.

ಈ ವಿಷಯದಲ್ಲಿ ಭಕ್ತರಿಗಿಂತ ತಬೇಲದವರೇ ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ. ಅವರು ಲಾಭಕ್ಕಾಗಿಯೇ ಆಗಲಿ, ಹಿಂಡಿಯನ್ನೂ ತೊಗರಿಯ ಚುನ್ನಿಯನ್ನೂ ಅಳೆದು ಹಾಕುವರು. ಅಳತೆಯ ಜೊತೆಗೆ ಕ್ರಮವೂ ಮುಖ್ಯ: ಮೊದಲು ಒಣಮೇವು, ಅನಂತರ ದಾಣಿ, ದಾಣಿಯೂ ಒಂದೇ ಸಲಕ್ಕಲ್ಲ, ಎರಡು ಮೂರು ಹೊತ್ತಿಗೆ ಹಂಚಿ, ಕರು ಹಾಕಿದ ಮೇಲೆ ದಾಣಿಯನ್ನು ಏರಿಸುವುದಾದರೆ ಎರಡು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ. ಮೇವನ್ನು ಪುಡಿಯಾಗುವಷ್ಟು ಸಣ್ಣದಾಗಿ ಕತ್ತರಿಸಿದರೆ ಅದು ಹೆಸರಿಗೆ ಮಾತ್ರ ಮೇವು. ವಿರಮಿಸುತ್ತಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೆಲುಕುಹಾಕುತ್ತಿದ್ದರೆ ಕೊಟ್ಟಿಗೆ ಕ್ಷೇಮವೆನ್ನಬಹುದು.

ಸತು ತಾಮ್ರಗಳುಳ್ಳ ಖನಿಜ ಮಿಶ್ರಣ ಗೊರಸಿನ ಗಟ್ಟಿತನಕ್ಕೆ ಅವಶ್ಯಕ. ಬಯೋಟಿನ್ ದಿನಕ್ಕೆ 20 ಮಿಲಿಗ್ರಾಂನಂತೆ ತಿಂಗಳುಗಟ್ಟಲೆ ಕೊಟ್ಟರೆ ಫಲವುಂಟು. ಮೈಸೂರು ಸೀಮೆಯ ಅಮೃತಮಹಲ್ ಹಸುವಿನ ಕಪ್ಪಾದ, ಕಲ್ಲಿನಂತಹ ಗೊರಸನ್ನು ಮೆಚ್ಚುವವರು ಅದನ್ನು ತಳಿಯ ಗುಣವೆಂದೇ ಬಗೆಯುವರು. ಕಾವಲಿನ ಹುಲ್ಲಿಗೂ ಅದರಲ್ಲಿ ಪಾಲಿದೆಯೆಂದು ನನ್ನ ಮತ.

ನಮ್ಮ ಕಡೆ ತೊಡಕಿನ ಕಾಲವೆಂದರೆ ಮಳೆಗಾಲ: ಎಳೆಹುಲ್ಲಿನಲ್ಲಿ ನೀರೇ ಹೆಚ್ಚು, ನಾರು ಕಡಿಮೆ, ಮೇಲಾಗಿ ಕೆಸರಿನಲ್ಲಿ ನೆನೆದ ಗೊರಸು ಮೆತ್ತಗಾಗುವುದು. ಆದುದರಿಂದ ಮುರಬಾಡ, ಕರ್ಜತ್ ಕಡೆಯ ಭತ್ತದ ಹುಲ್ಲನ್ನು ಮೃಗಶಿರಾ ಮಳೆ ಹಿಡಿಯುವ ಮುನ್ನವೇ ತರಿಸಿ, ನೆಲದ ತೇವ ತಾಗದಂತೆ ಅಟ್ಟಣಿಗೆಯ ಮೇಲೆ ಒಟ್ಟಿಕೊಂಡು, ಪ್ರತಿದಿನವೂ ಹಸಿಮೇವಿಗೆ ಮುಂಚೆ ಒಂದು ಹಿಡಿಯನ್ನಾದರೂ ಹಾಕುವುದು ಲೇಸು. ಬೂಷ್ಟು ಹಿಡಿದುದನ್ನು ಮಾತ್ರ ಗೊಬ್ಬರದ ಗುಂಡಿಗೆ ಎಸೆಯತಕ್ಕದ್ದು.