ಹೊಸ ಡ್ರೈವರೆಂಬ ನಂಬಿಕೆ

ಆಟದ ನಡುವೆ ಪರದೆ ಕಪ್ಪಾಗಿ ಲ್ಯಾಪ್‌ಟಾಪು ಸ್ತಬ್ಧವಾದೊಡನೆ, ಕಾರಣವನ್ನು ವಿಚಾರಿಸುವುದಕ್ಕೆ ಮೊದಲೇ ಗ್ರಾಫಿಕ್ಸ್ ಡ್ರೈವರನ್ನು ಅಪ್‌ಡೇಟ್ ಮಾಡಲು ಧಾವಿಸುವುದು ಗೇಮಿಂಗ್ ರಸಿಕರಲ್ಲಿ ಒಂದು ಆಚಾರವೇ ಆಗಿಹೋಗಿದೆ. ವಿಂಡೋಸಿನ ಆಜ್ಞೆಗಳನ್ನು ಗ್ರಾಫಿಕ್ಸ್ ಚಿಪ್ಪಿಗೆ ಮುಟ್ಟಿಸುವ ಈ ತಂತ್ರಾಂಶದ ಮಹತ್ತ್ವವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಹೊಸತಾದ ಮಾತ್ರಕ್ಕೆ ಅದು ಶ್ರೇಯಸ್ಕರವೆಂಬುದಕ್ಕೆ ಇತಿಹಾಸದ ಸಮ್ಮತಿಯಿಲ್ಲ. 2010ರ ಮಾರ್ಚಿನಲ್ಲಿ ಎನ್‌ವಿಡಿಯಾ ಹೊರತಂದ 196.75ನೆಯ ಆವೃತ್ತಿ ಫ್ಯಾನಿನ ವೇಗದ ನಿಯಂತ್ರಣವನ್ನೇ ಕೆಡಿಸಿದ್ದರಿಂದ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ನವೆಂಬರಿನಲ್ಲಿ ಎಎಂಡಿಯ ಕ್ರಿಮ್ಸನ್ ಡ್ರೈವರು ಕೆಲವು ಕಾರ್ಡುಗಳ ಫ್ಯಾನನ್ನು ಮಂದಗತಿಯಲ್ಲಿಯೇ ಕಟ್ಟಿಹಾಕಿ, ಬಂದ ಕೆಲವೇ ದಿನಗಳಲ್ಲಿ ತಿದ್ದುಪಡಿಗೆ ಒಳಗಾಯಿತು. ತಾಪವನ್ನು ಶಮನಗೊಳಿಸಬೇಕಾದ ಔಷಧವೇ ಜ್ವರವನ್ನು ತಂದ ಸಂದರ್ಭಗಳಿವು.

ಆದುದರಿಂದ ಔಷಧಕ್ಕೆ ಮೊದಲು ರೋಗದ ಕಾರಣವನ್ನು ಅರಿಯಬೇಕು. ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳು 1960ರ ದಶಕದಿಂದಲೂ ದೂರದೇಶಗಳ ನೆಲದ ಅದುರುವಿಕೆಯನ್ನು ದಾಖಲಿಸುತ್ತಿವೆ. ಅದು ಭೂಕಂಪವೋ ಅಣುಸ್ಫೋಟವೋ ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಅಲೆಗಳ ಲಕ್ಷಣವನ್ನು ಪರೀಕ್ಷಿಸಿದ ಮೇಲಲ್ಲದೆ ನಿರ್ಣಯಿಸರು. ಯಂತ್ರದ ಪತನಕ್ಕೂ ಅಂಥ ದಾಖಲೆಯುಂಟು. ವಿಂಡೋಸಿನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ 4101 ಎಂಬ ಸಂಖ್ಯೆ ಕಂಡರೆ, ಚಿಪ್ಪು ನಿಗದಿತ ಅವಧಿಯೊಳಗೆ, ಎಂದರೆ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ, ಉತ್ತರ ಕೊಡದೆ ಹೋದುದರಿಂದ ವಿಂಡೋಸು ಡ್ರೈವರನ್ನು ಮರಳಿ ಎಚ್ಚರಿಸಿತೆಂದು ತಿಳಿಯಬೇಕು. ಅದಾವುದೂ ಇಲ್ಲದೆ, ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತೆಂದಷ್ಟೇ ಹೇಳುವ 41 ಎಂಬುದೊಂದೇ ಉಳಿದು ಯಂತ್ರ ತಟಕ್ಕನೆ ಆರಿದ್ದಾದರೆ, ಸಂಶಯವು ಮೊದಲು ತಾಪದ ಕಡೆಗೂ ವಿದ್ಯುತ್ತಿನ ಕಡೆಗೂ ತಿರುಗತಕ್ಕದ್ದು.

ತಾಪದ ದೋಷವಾದರೆ ಡ್ರೈವರಿನಿಂದ ಆಗುವ ಉಪಕಾರ ಅಲ್ಪ. ಚಿಂತಾಮಣಿ, ಶಿಡ್ಲಘಟ್ಟಗಳ ಬೇಸಿಗೆಯ ಧೂಳು ಗಾಳಿಕಿಂಡಿಗಳಲ್ಲಿ ಕಟ್ಟಿಕೊಂಡಿರುವಾಗ, ಹಾಸಿಗೆಯ ಮೇಲೆ ಲ್ಯಾಪ್‌ಟಾಪನ್ನಿಟ್ಟು ಆಡುವವನಿಗೆ ಬೇಕಾದುದು ಮೊದಲು ಬ್ರಷ್ಷು, ಅನಂತರ ಹೊಸ ಥರ್ಮಲ್ ಪೇಸ್ಟು. ಫ್ರೇಮುಗಳ ಮಿತಿಯನ್ನು 60ಕ್ಕೆ ನಿಲ್ಲಿಸುವುದೂ ಸುಲಭೋಪಾಯ; 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಆಟವು ಮಿತಿಯಿಲ್ಲದ ಫ್ರೇಮುಗಳಿಂದ ಬರಿಯ ಮೆನುವಿನಲ್ಲಿಯೇ ಕಾರ್ಡುಗಳನ್ನು ಕಾಯಿಸಿದಾಗ, ಅದರ ನಿರ್ಮಾಪಕರು ಸೂಚಿಸಿದ ಪರಿಹಾರವೂ ಇದೇ ಬಗೆಯದು.

ಡ್ರೈವರಿನದೇ ದೋಷವೆಂದು ನಿಶ್ಚಯವಾದಲ್ಲಿ, ಲ್ಯಾಪ್‌ಟಾಪು ತಯಾರಕರು ಆ ಮಾದರಿಗೆಂದೇ ಒದಗಿಸಿದ ಆವೃತ್ತಿಯನ್ನು ಮೊದಲು ಪರೀಕ್ಷಿಸಬೇಕು. ಸೇಫ್ ಮೋಡಿನಲ್ಲಿ ಡಿಡಿಯು ಎಂಬ ಉಪಕರಣದಿಂದ ಹಳೆಯದರ ಅವಶೇಷಗಳನ್ನು ತೆಗೆದುಹಾಕಿದ ಮೇಲೆಯೇ ಹೊಸದನ್ನು ಸ್ಥಾಪಿಸಬೇಕು. ಹೊಸದು ಕೈಕೊಟ್ಟರೆ ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನದಕ್ಕೆ ಮರಳಲು ನಾಚಬೇಕಾದುದಿಲ್ಲ. ಆಟ ನಿರಾತಂಕವಾಗಿ ಸಾಗುತ್ತಿರುವ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಹೊಸ ಆಟವಾಗಲಿ ಭದ್ರತೆಯ ದೋಷವಾಗಲಿ ಬಲವಂತಪಡಿಸದ ಹೊರತು ಅದನ್ನು ಕದಲಿಸದಿರುವವನನ್ನೇ ನಾನು ಈ ಹವ್ಯಾಸದಲ್ಲಿ ಪಳಗಿದವನೆಂದು ಕರೆಯುವೆನು.