‘ಚಿಲಿಮಿಲಿ’: ಗಿಳಿಯ ದನಿ, ಗಿಳಿಯ ಓದು

ಹಕ್ಕಿಗಳ ದನಿಯನ್ನು ಸೂಚಿಸುವ ‘ಚಿಲಿಪಿಲಿ’ ಇಂದು ಬಹುಮಟ್ಟಿಗೆ ಮಕ್ಕಳ ಪಾಲಿನ ಮಾತಾಗಿದೆ. ಶಿಶುವಿಹಾರಕ್ಕೆ, ಮಕ್ಕಳ ಪುಸ್ತಕಕ್ಕೆ ಅದು ಸಹಜವಾಗಿ ಒಪ್ಪುವ ಹೆಸರು. ಮುದ್ದು, ಇಂಪು, ಅರ್ಥದ ಹೊರೆಯಿಲ್ಲದ ಕಲರವ, ಇಷ್ಟೇ ಅದರ ವ್ಯಾಪ್ತಿಯೆಂಬ ಭಾವನೆ ಬೆಳೆದಿದೆ. ಇದೇ ಭಾವನೆಯಿಂದ 12ನೆಯ ಶತಮಾನದ ಮಹಾದೇವಿಯಕ್ಕನನ್ನು ಓದಿದರೆ, ಗಿಳಿ ಕೋಗಿಲೆಗಳನ್ನು ಆಕೆ ಪ್ರಶ್ನಿಸುವ ಪ್ರಸಿದ್ಧ ವಚನವು ಬರಿಯ ವನವರ್ಣನೆಯಾಗಿ ಕುಗ್ಗುತ್ತದೆ.

ವಚನದಲ್ಲಿರುವ ರೂಪ ‘ಚಿಲಿಮಿಲಿ’. ವೈಯಾಕರಣರು ಇಂತಹ ಮಾತನ್ನು ಅನುಕರಣಾವ್ಯಯವೆನ್ನುತ್ತಾರೆ. ಆದರೆ ಅನುಕರಣಗಳೆಲ್ಲ ಒಂದೇ ಬಗೆಯವಲ್ಲ. ಪೀಣ್ಯದ ಕಾರ್ಖಾನೆಯ ಯಂತ್ರಕ್ಕೆ ‘ಗಡಗಡ’, ‘ಟಕಟಕ’ ಸಲ್ಲುತ್ತವೆ. ಅಲ್ಲಿ ಒಂದೇ ಸದ್ದು ಮರುಕಳಿಸುತ್ತದೆ. ‘ಚಿಲಿಮಿಲಿ’ಯಲ್ಲಿ ಉತ್ತರಾರ್ಧದ ಮೊದಲ ಅಕ್ಷರ ಮಾರ್ಪಡುತ್ತದೆ, ಒಂದು ಕೊರಳಿಗೆ ಮತ್ತೊಂದು ಕೊರಳು ಕೂಡಿಕೊಂಡಂತಿರುತ್ತದೆ. ಒಂಟಿ ಹಕ್ಕಿಗೆ ಈ ಮಾತು ಅಷ್ಟಾಗಿ ಒಗ್ಗದು. ಅಕ್ಕನ ಸಂಬೋಧನೆಯೂ ಬಹುವಚನದಲ್ಲಿಯೇ ಇದೆ.

ಇದಕ್ಕಿಂತ ಮಹತ್ತ್ವದ್ದು ಕ್ರಿಯಾಪದ. ಇಂದಿನವರು ‘ಚಿಲಿಪಿಲಿಗುಟ್ಟು’ ಎನ್ನುತ್ತಾರೆ. ವಟಗುಟ್ಟು, ಗೊಣಗುಟ್ಟುಗಳ ಸಾಲಿನ ಈ ‘ಗುಟ್ಟು’ ಸದ್ದಿನ ರೀತಿಯನ್ನಷ್ಟೇ ಹೇಳುತ್ತದೆ. ಅಕ್ಕನ ಗಿಳಿಗಳಾದರೋ ‘ಓದು’ತ್ತವೆ. ಗಿಳಿಗೆ ಓದು ಕಲಿಸುವುದು ನಮ್ಮ ಕಾವ್ಯಗಳಲ್ಲಿ ಹಳೆಯ ರೂಢಿಯೇ ಸರಿ. ಆದರೆ ಆ ರೂಢಿಗೆ ಕಳಂಕವೂ ಅಂಟಿದೆ. ಅರಿಯದೆ ಒಪ್ಪಿಸುವ ಪಾಠಕ್ಕೆ ‘ಗಿಳಿಪಾಠ’ವೆಂದೇ ಹೆಸರು. ಶರಣರ ಮತ್ತೊಂದು ವಚನದಲ್ಲಿ, ಬೆಕ್ಕು ಬರುವುದನ್ನು ತಿಳಿಸಲಾರದ ಗಿಳಿಯ ಓದು ನಿಷ್ಫಲ ವಿದ್ಯೆಗೆ ನಿದರ್ಶನವಾಗಿದೆ. ಅದೇ ಓದನ್ನು ಅಕ್ಕನು ಹಳಿಯುವುದಿಲ್ಲ. ಓದಬಲ್ಲದ್ದು ಕಂಡಿರಲೂ ಬಹುದು, ಕಂಡುದನ್ನು ಹೇಳಲೂ ಬಹುದು ಎಂಬ ನಂಬುಗೆಯಿಂದ ಅದರ ಮುಂದೆ ನಿಲ್ಲುತ್ತಾಳೆ. ಪಂಡಿತರ ಓದನ್ನು ಕೇಳಿ ದಣಿದವರಿಗೆ ಈ ವಿನಯದ ಬೆಲೆ ತಿಳಿದೀತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತಂತ್ರಾಂಶ ಕಚೇರಿಗಳಲ್ಲಿಯೂ ದಿನಪತ್ರಿಕೆಗಳಲ್ಲಿಯೂ ಬಳಕೆಯಾಗುವ ‘ಟ್ವೀಟ್’ ಸಹ ಇಂಗ್ಲಿಷಿನಲ್ಲಿ ಮೂಲತಃ ಹಕ್ಕಿಯ ದನಿಯೇ. ಆ ಜಾಲತಾಣವು 2023ರಲ್ಲಿ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡರೂ ಮಾತು ಅಳಿಯಲಿಲ್ಲ. ಕನ್ನಡ ಅದಕ್ಕೊಂದು ‘ಮಾಡು’ ಸೇರಿಸಿ ಒಳಗೆ ಬಿಟ್ಟುಕೊಂಡಿತು. ಅಲ್ಲಿ ಮನುಷ್ಯನ ಹೇಳಿಕೆ ಹಕ್ಕಿಯ ಉಲಿಯಂತೆ ಹಗುರಾಗಿದೆ; ಅಕ್ಕನಲ್ಲಿ ಹಕ್ಕಿಯ ಉಲಿಗೇ ಹೇಳಿಕೆಯ ತೂಕವಿದೆ.

ವಚನದ ಮುಂದಿನ ನಡೆಯೂ ಇದನ್ನೇ ಸಮರ್ಥಿಸುತ್ತದೆ. ಕೋಗಿಲೆಗೆ ‘ಪಾಡು’ ಎಂಬ ಕ್ರಿಯೆ. ತುಂಬಿ, ಹಂಸ, ನವಿಲುಗಳಿಗೆ ‘ಆಡು’. ಈ ‘ಆಡು’ ಕನ್ನಡದಲ್ಲಿ ಕ್ರೀಡೆಯೂ ಹೌದು, ನುಡಿಯೂ ಹೌದು. ಇಲ್ಲಿ ಕ್ರೀಡೆಯ ಅರ್ಥವೇ ಮುಂದಾಗಿದ್ದರೂ ನುಡಿಯ ನೆರಳು ಪೂರ್ತಿ ಮರೆಯಾಗದು. ಕಡೆಗೆ ಚೆನ್ನಮಲ್ಲಿಕಾರ್ಜುನನಿರುವ ಎಡೆಯನ್ನು ‘ಹೇಳಿ’ ಎಂದು ಅವುಗಳನ್ನೇ ಬೇಡುತ್ತಾಳೆ. ಗಿಳಿಗಳು ಏನು ಹೇಳಿದವೆಂಬುದು ವಚನದಲ್ಲಿ ಇಲ್ಲ.